ತೊಟ್ಟಿಯ ತಳದ ಜಗಳಗಂಟರು

ಅಕ್ವೇರಿಯಂ ಮುಂದೆ ನಿಂತವರ ಕಣ್ಣು ನಡುನೀರಿನ ಬಣ್ಣದ ಮೀನುಗಳ ಹಿಂದೆ ಓಡಾಡುತ್ತದೆ. ನನ್ನದು ನೇರ ತಳಕ್ಕಿಳಿಯುತ್ತದೆ. ಅಲ್ಲಿ ಮರಳು ಮೂಸುತ್ತ, ಮೀಸೆಯಿಂದ ಕಲ್ಲಿನ ಸಂದು ತಡಕುತ್ತ ತಿರುಗುವ ಲೋಚ್ ಮೀನುಗಳಿವೆ. ಜಗಳಗಂಟ ಮೀನು ಎಂದು ಅಂಗಡಿಯವರೇ ಎಚ್ಚರಿಸಿ ಕೊಡುತ್ತಾರೆ. ಆ ಜಗಳವನ್ನು ಕೂತು ನೋಡುವುದು, ಅದು ಗಾಯದ ಮಟ್ಟಕ್ಕೆ ಹೋಗದಂತೆ ತಳವನ್ನು ಕಟ್ಟುವುದು, ಇವೆರಡೇ ಈ ಹವ್ಯಾಸದಲ್ಲಿ ನನಗೆ ಎಲ್ಲಕ್ಕಿಂತ ರುಚಿಸಿದ ಕೆಲಸ.

ನಾನು ಸಾಕುವುದು ಜೀಬ್ರಾ ಲೋಚ್. ಹಳದಿ ಮೈ ತುಂಬ ಕಪ್ಪು ಪಟ್ಟೆ, ಉದ್ದ ಹೆಚ್ಚೆಂದರೆ ಬೆರಳಷ್ಟು. ಮೀನಂಗಡಿಯಲ್ಲಿ ಚೆನ್ನೈನ ಕೊಳತ್ತೂರಿನಿಂದ ಬಂದ ಹೊರದೇಶದ ಮೀನುಗಳ ಪಕ್ಕದಲ್ಲಿ ಕಂಡು ಇದೂ ವಿದೇಶದ್ದೇ ಎಂದುಕೊಳ್ಳುವವರು ಬಹಳ. ಇದು ನಮ್ಮ ಮಲೆನಾಡಿನ ಮೀನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣರಾವ್ ಅವರು ತೀರ್ಥಹಳ್ಳಿಯ ತುಂಗಾ ನದಿಯಲ್ಲಿ ಸಿಕ್ಕಿದ ಮೀನನ್ನು ನೋಡಿ 1920ರಲ್ಲಿ ಬೋಟಿಯಾ ಸ್ಟ್ರಯಾಟಾ ಎಂದು ಹೆಸರಿಟ್ಟರು. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಇಂದು ಅದು ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಅಂಥದ್ದೊಂದು ಜೀವವನ್ನು ಮನೆಗೆ ತಂದಮೇಲೆ ಅದರ ಸ್ವಭಾವ ಅರಿತು ನೋಡಿಕೊಳ್ಳುವುದು ನಮ್ಮ ಹೊಣೆ. ಬಡವರ ಊಟಿ ಎನ್ನಿಸಿಕೊಂಡ ಹಾಸನದ ಹವೆ ಅದಕ್ಕೆ ಒಗ್ಗುತ್ತದೆ. ಇಪ್ಪತ್ತೆರಡರಿಂದ ಇಪ್ಪತ್ತಾರು ಡಿಗ್ರಿಯ ತಿಳಿನೀರು, ಸ್ವಲ್ಪ ಸೆಳೆತ ಇದ್ದರೆ ಖುಷಿಯಾಗಿರುತ್ತದೆ.

ಇನ್ನು ಜಗಳ. ಎರಡು ಮೀನು ಒಂದಕ್ಕೊಂದು ಮೈ ತಾಗಿಸಿಕೊಂಡು ನಿಲ್ಲುತ್ತವೆ. ರೆಕ್ಕೆಗಳು ಬಿಗಿಯುತ್ತವೆ, ಮೈ ನಡುಗುತ್ತದೆ. ನೋಡುತ್ತಿದ್ದಂತೆಯೇ ಹಳದಿ ಮಾಸಿ ಬೂದಿಬಣ್ಣವಾಗುತ್ತದೆ. ಮೊದಲ ಸಲ ಕಂಡವರು ಮೀನಿಗೆ ರೋಗ ಬಂತೆಂದೇ ಹೆದರುತ್ತಾರೆ. ಹಾಗೇ ಜೋಡಿಯಾಗಿ ಗಾಜಿನುದ್ದಕ್ಕೂ ಮೇಲೇರಿ ಕೆಳಗಿಳಿದು ಸುತ್ತು ಹಾಕುತ್ತವೆ. ಫಿಲ್ಟರ್ ಆರಿಸಿ ಕಿವಿಗೊಟ್ಟರೆ ಟಕ್, ಟಕ್ ಎಂಬ ಸದ್ದು ಗಾಜಿನಾಚೆಗೂ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಒಂದು ತಲೆ ತಗ್ಗಿಸಿ ಜಾರಿಕೊಳ್ಳುತ್ತದೆ, ಬಣ್ಣ ಮರಳಿ ಬರುತ್ತದೆ, ಎರಡೂ ಒಂದೇ ಕಲ್ಲಿನಡಿ ಮಲಗುತ್ತವೆ. ಅವಕ್ಕೆ ಗುಂಪಿನಲ್ಲಿ ಯಾರು ಮೇಲು, ಯಾರು ಕೆಳಗು ಎಂಬುದು ಇತ್ಯರ್ಥವಾಗಬೇಕು, ಅಷ್ಟೇ. ಇದನ್ನು ತಡೆಯಲು ಹೋಗಬಾರದು.

ತಡೆಯಬೇಕಾದ ಜಗಳ ಬೇರೆ. ಒಂದೇ ಮೀನು ಸದಾ ಅಟ್ಟಿಸಿಕೊಳ್ಳುತ್ತಿದ್ದರೆ, ಅದರ ರೆಕ್ಕೆ ಹರಿದಿದ್ದರೆ, ಅದು ತಳ ಬಿಟ್ಟು ನೀರಿನ ಮೇಲ್ಮೈಯ ಮೂಲೆಯಲ್ಲಿ ನಿಂತಿದ್ದರೆ ಸುಮ್ಮನಿರುವಂತಿಲ್ಲ. ಅರಕಲಗೂಡಿನ ಗೆಳೆಯನ ಮನೆಯಲ್ಲಿ ನಾನು ಕಂಡದ್ದು ಅದನ್ನೇ. ಎರಡಡಿ ತೊಟ್ಟಿ, ಎರಡೇ ಲೋಚ್, ಜೊತೆಗೊಂದು ರೆಡ್ ಟೈಲ್ ಶಾರ್ಕ್. "ನೋಡು ಮಾರಾಯ, ಎಂಥ ರೌಡಿ ಮೀನು ತಂದು ಕಟ್ಟಿಕೊಂಡೆ, ವಾಪಸ್ ಕೊಟ್ಟುಬಿಡ್ತೀನಿ" ಎಂದ. ಶಾರ್ಕ್ ಎಂದು ಮಾರಿದರೂ ಅದು ಕೆಂಡೆಯ ಬಳಗದ್ದು, ಥಾಯ್ಲೆಂಡ್ ಮೂಲದ್ದು; ತಳವೆಲ್ಲ ತನ್ನದೆಂದು ಕಾಯುವ ಮೀನು. ಅದನ್ನು ಲೋಚ್‌ಗಳ ಜೊತೆ ಬಿಡುವುದೇ ತಪ್ಪು. ಲೋಚ್ ಎರಡೇ ಇದ್ದರಂತೂ ಒಬ್ಬನೇ ಶಿಷ್ಯನಿರುವ ಮುಂಗೋಪದ ಮೇಷ್ಟ್ರ ಮನೆಪಾಠದ ಹಾಗೆ, ಪೆಟ್ಟೆಲ್ಲ ಒಂದೇ ಬೆನ್ನಿಗೆ. ಆರೇಳು ಇದ್ದರೆ ಸಿಟ್ಟು ಹಂಚಿಹೋಗುತ್ತದೆ. ಅದಕ್ಕೆ ತಕ್ಕ ಜಾಗವೂ ಬೇಕು: ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ, ಅಂದರೆ ಸುಮಾರು 250 ಲೀಟರ್. ತಳದವರಿಗೆ ಎತ್ತರದಿಂದ ಪ್ರಯೋಜನವಿಲ್ಲ, ಬೇಕಾದದ್ದು ನೆಲ.

ಆ ನೆಲವನ್ನು ಕಟ್ಟುವ ಕೆಲಸಕ್ಕೆ ಕೂತರೆ ನನಗೆ ಊಟದ ನೆನಪಿರುವುದಿಲ್ಲ. ಹೊಳೆನರಸೀಪುರದಲ್ಲಿ ಹೇಮಾವತಿ ಉಜ್ಜಿ ನುಣುಪು ಮಾಡಿದ ಗುಂಡುಕಲ್ಲುಗಳು ಕೈಗೆ ಸಿಕ್ಕರೆ ಅಂಗಡಿಯ ಬಣ್ಣದ ಕಲ್ಲನ್ನು ಯಾರೂ ಮೂಸುವುದಿಲ್ಲ. ಲೋಚ್ ತನ್ನ ಮೈಗಿಂತ ಕಿರಿದಾಗಿ ಕಾಣುವ ಸಂದಿನಲ್ಲೂ ತೂರುವುದರಿಂದ ಕಲ್ಲಿಗೆ ಚೂಪಾದ ಅಂಚಿರಬಾರದು. ಒಂದು ಹನಿ ವಿನೆಗರ್ ಬಿಟ್ಟಾಗ ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ಬಿಟ್ಟುಬಿಡಬೇಕು. ಚನ್ನರಾಯಪಟ್ಟಣದ ಕಡೆಯ ತೆಂಗಿನ ಕರಟಗಳು ಇನ್ನೂ ಚೆನ್ನ: ನಾರು ಕೆರೆದು, ಕುದಿಸಿ, ಎರಡು ಬಾಗಿಲು ಕೊರೆದು ಬೋರಲು ಹಾಕುತ್ತೇನೆ. ಎರಡು ಬಾಗಿಲು ಏಕೆಂದರೆ, ಒಂದೇ ಇದ್ದರೆ ಒಳಹೊಕ್ಕ ಬಡಪಾಯಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅಡಗುತಾಣ ಮೀನಿನ ಸಂಖ್ಯೆಗಿಂತ ಹೆಚ್ಚಿರಲಿ. ನಡುವೆ ಕಲ್ಲಿನ ಗುಡ್ಡೆಗಳನ್ನು ಏರಿಸಿ ಈ ಮೂಲೆಯಿಂದ ಆ ಮೂಲೆ ಕಾಣದ ಹಾಗೆ ಮಾಡಿದರೆ, ಅಟ್ಟಿಸಿಕೊಂಡು ಹೋಗುವ ಮೀನು ತಿರುವಿನಲ್ಲಿ ಗುರಿ ತಪ್ಪಿ ನಿಂತುಬಿಡುತ್ತದೆ. ನಾನು ಇಟ್ಟ ಕಲ್ಲು ಹಾಗೆ ಜಗಳವೊಂದನ್ನು ನಿಲ್ಲಿಸುವುದನ್ನು ನೋಡಿದಾಗ ಆಗುವ ಸಂತೋಷ ದೊಡ್ಡದು.

ಊಟದ ವೇಳೆಗೂ ಇದೇ ಲೆಕ್ಕ. ರಾಮನಾಥಪುರದಲ್ಲಿ ಕಾವೇರಿಯ ಮೆಟ್ಟಿಲ ಮೇಲೆ ನಿಂತು ಪುರಿ ಎರಚಿದವರಿಗೆ ಗೊತ್ತು, ತಿನಿಸು ಒಂದೇ ಕಡೆ ಬಿದ್ದರೆ ಎಂಥ ನೂಕುನುಗ್ಗಲು ಆಗುತ್ತದೆಂದು. ಅಲ್ಲಿ ಗೆಲ್ಲುವುದು ದೊಡ್ಡ ಮೀನೇ. ಆದ್ದರಿಂದ ಸಂಜೆ ದೀಪ ಆರಿಸಿದ ಮೇಲೆ, ಲೋಚ್‌ಗಳು ಚುರುಕಾಗುವ ಹೊತ್ತಿಗೆ, ಮುಳುಗುವ ಗುಳಿಗೆಯನ್ನು ಮೂರ್ನಾಲ್ಕು ಕಡೆ ದೂರದೂರ ಹಾಕುತ್ತೇನೆ.

ಹಿಡಿಯಬೇಕಾಗಿ ಬಂದಾಗ ಬಲೆ ಮಾತ್ರ ಬೇಡ. ಕಣ್ಣಿನ ಕೆಳಗೆ ಮಡಚಿಟ್ಟ ಮುಳ್ಳೊಂದಿದೆ. ಹೆದರಿದರೆ ಅದು ನಿಮಿರಿ ನಿಂತು ಬಲೆಗೆ ಸಿಕ್ಕಿಕೊಳ್ಳುತ್ತದೆ, ಬಿಡಿಸಹೋದರೆ ಮೀನಿಗೂ ನೋವು, ಬೆರಳಿಗೂ ನೋವು. ಪ್ಲಾಸ್ಟಿಕ್ ಡಬ್ಬಿಯೊಳಕ್ಕೆ ಮೆಲ್ಲಗೆ ಅಟ್ಟಿ ಎತ್ತುವುದು ಸುರಕ್ಷಿತ. ಬೇಡವಾದ ಮೀನನ್ನು ಹೇಮಾವತಿಗೆ ಬಿಟ್ಟರಾಯಿತು ಎಂಬ ಯೋಚನೆ ಹಲವರಲ್ಲಿದೆ. ಅದು ಕೂಡದು. ತುಂಗೆ ಕೃಷ್ಣೆಯ ಕಡೆ ಹರಿಯುವವಳು, ಹೇಮಾವತಿ ಕಾವೇರಿಗೆ ಸೇರುವವಳು. ಒಂದರ ಮೀನು ಇನ್ನೊಂದರಲ್ಲಿ ಬೆರೆಯಬಾರದು.

ಅರಕಲಗೂಡಿನ ಗೆಳೆಯ ಕೊನೆಗೆ ವಾಪಸ್ ಕೊಟ್ಟದ್ದು ಶಾರ್ಕನ್ನು. ನಾಲ್ಕಡಿ ತೊಟ್ಟಿ ಮಾಡಿಸಿ ಇನ್ನೂ ನಾಲ್ಕು ಲೋಚ್ ತಂದ. ಹೊಸಬರನ್ನು ಬಿಡುವ ದಿನ ಹಳಬರ ಗಡಿಗುರುತು ಅಳಿಯಲೆಂದು ಕಲ್ಲು, ಕರಟಗಳನ್ನೆಲ್ಲ ಜಾಗ ಬದಲಿಸಿ, ದೀಪ ಆರಿಸಿ, ಎಲ್ಲವನ್ನೂ ಒಟ್ಟಿಗೇ ಬಿಟ್ಟೆವು. ಮೊದಲ ವಾರವಿಡೀ ಬೂದಿಬಣ್ಣದ ಕುಸ್ತಿ ನಡೆಯಿತು, ಯಾವುದರ ರೆಕ್ಕೆಯೂ ಹರಿಯಲಿಲ್ಲ. ಅತಿ ದೊಡ್ಡ ಹೆಣ್ಣೊಂದು ಈಗ ಯಜಮಾನಿ. ಅವನ ತಾಯಿ ಸಂಜೆಯಾದರೆ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಳ್ಳುತ್ತಾರೆ. ನಾನು ಹೋದಾಗಲೆಲ್ಲ ಅವರದು ಒಂದೇ ವರದಿ, ಇವತ್ತು ಯಾರು ಯಾರನ್ನು ಯಾವ ಕರಟದಿಂದ ಎಬ್ಬಿಸಿದರು ಎಂದು.