ಖಣದ ಓಲೆ

20 ವರ್ಷ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸಿದವಳಿಗೆ ಒಂದು ಫೋಟೋ ಶೂಟ್ ಯಾವ ಮಹಾ ಕೆಲಸ ಎಂದುಕೊಂಡಿದ್ದೆ.

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಬಾಗಲಕೋಟೆಯಿಂದ ಪುಣೆಗೆ ಕರೆತಂದೆ. 11ನೇ ಮಹಡಿಯ ಮನೆಯಲ್ಲಿ ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ. ಒಂದು ದಿನ ಟ್ರಂಕಿನಿಂದ ಗುಳೇದಗುಡ್ಡದ ಖಣದ ತುಂಡುಗಳನ್ನು ತೆಗೆದು ಕೂತಳು. ಎಲ್ಲವೂ ಕುಪ್ಪಸ ಹೊಲಿಸಿ ಉಳಿದವು. ರಟ್ಟು ಕತ್ತರಿಸಿ, ಮೇಲೆ ಖಣ ಅಂಟಿಸಿ, ಅಂಚಿಗೆ ಮಣಿ ಪೋಣಿಸಿ ಮೊಮ್ಮಗಳಿಗೊಂದು ಜೊತೆ ಓಲೆ ಮಾಡಿಕೊಟ್ಟಳು. ಕಾಲೇಜಿನಲ್ಲಿ ನೋಡಿದವರು ತಮಗೂ ಬೇಕೆಂದರು. ಇಲ್ಲಿಯವರಿಗೂ ಖಣವೆಂದರೆ ಪ್ರೀತಿ, ಹೆಸರೂ ಅದೇ. ಅದನ್ನು ನಮ್ಮ ಕಡೆ ನೇಯುತ್ತಾರೆಂದರೆ ಮಾತ್ರ ನನ್ನ ಆಫೀಸಿನವರು ಹುಬ್ಬೇರಿಸುತ್ತಾರೆ.

ವರ್ಷದೊಳಗೆ 12 ಮಾದರಿಗಳಾದವು. ಆದರೆ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೋಗಳಲ್ಲಿ ಎಲ್ಲವೂ ಮಂಕು. ಅವ್ವನ ಖಣಗಳಲ್ಲಿ ಹಾಸಿನ ಎಳೆ ಒಂದು ಬಣ್ಣ, ಹೊಕ್ಕಿನದು ಇನ್ನೊಂದು. ತುಸು ಹೊರಳಿಸಿದರೆ ಬಣ್ಣವೇ ಬದಲಾಗುತ್ತದೆ. ಆ ಹೊಳಪು ಕಾಣಲು ಹಗಲ ಬೆಳಕೇ ಬೇಕು. ಹೊರಗೇ ತೆಗೆಸುವುದೆಂದು ತೀರ್ಮಾನಿಸಿ ಎಕ್ಸೆಲ್ ತೆರೆದೆ.

ಸ್ಥಳ: ಮೊದಲು ಶನಿವಾರವಾಡ ಎಂದು ಬರೆದೆ. ಅದು ಸಂರಕ್ಷಿತ ಸ್ಮಾರಕ, ವ್ಯಾಪಾರದ ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅಳಿಸಿ, ಪೌಡ್ ಹತ್ತಿರದ ಗೆಳತಿಯ ತೋಟ ಎಂದು ಬರೆದೆ. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 7ರ ಹತ್ತಿರ. ಬಿಸಿಲೇರಿದರೆ ಗದ್ದದ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಹಾಗಾಗಿ 2 ಗಂಟೆಯಲ್ಲಿ 12 ಮಾದರಿ, ಒಂದಕ್ಕೆ 10 ನಿಮಿಷ. ಬೆಳಕು ತಿರುಗಿಸಲು ಬಿಳಿ ಥರ್ಮಾಕೋಲ್. ಸೇಫ್ಟಿ ಪಿನ್, ಟೇಪು, ಕನ್ನಡಿ. ಸೀರೆ ಒಂದೇ ಬಣ್ಣದ್ದು, ಕಣ್ಣು ಒಡವೆಯ ಮೇಲೆ ನಿಲ್ಲಬೇಕಲ್ಲ. ಹಾಕಿಕೊಳ್ಳುವವಳು ಮಗಳು. ‘ಅಪಾಯಗಳು’ ಕಾಲಮ್ಮಿನಲ್ಲಿ ಮಳೆ, ಗಾಳಿ, ಟ್ರಾಫಿಕ್. ಅವ್ವನ ಹೆಸರಿನ ಮುಂದೆ ‘ಉಪ್ಪಿಟ್ಟು, ಚಹಾ’ ಎಂದಿತ್ತು.

ಅವತ್ತು ಮಳೆಯಿಲ್ಲ, ಟ್ರಾಫಿಕ್ಕೂ ಇಲ್ಲ. ಆದರೆ ಏಳನೆಯ ಜೊತೆಯ ಹೊತ್ತಿಗೆ ಗಾಳಿ ಎದ್ದಿತು. ಎಷ್ಟು ಸಲ ತೆಗೆದರೂ ಓಲೆ ತಿರುಗಿಕೊಂಡು ಹಿಂದಿನ ರಟ್ಟೇ ಕಾಣುತ್ತಿತ್ತು.

“ಹಂಗಲ್ಲವಾ, ಇದು ಹಿಂಗ ಬೀಳಬೇಕು” ಎನ್ನುತ್ತ ಅವ್ವ ಉಪ್ಪಿಟ್ಟಿನ ಡಬ್ಬಿ ಕೆಳಗಿಟ್ಟು ಬಂದಳು. ಗಾಳಿಗೆ ಬೆನ್ನಾಗಿ ನಿಂತು, ಓಲೆಯನ್ನು ತನ್ನ ಕಿವಿಗೆ ಹಿಡಿದು, ತಲೆ ತುಸು ವಾಲಿಸಿ ತೋರಿಸಿದಳು. ಅಪ್ಪ ಹೋದಾಗ ಬೆಂಡೋಲೆ ತೆಗೆದಿಟ್ಟವಳು ಮತ್ತೆ ಕಿವಿಗೆ ಏನನ್ನೂ ಹಾಕಿಕೊಂಡಿರಲಿಲ್ಲ. ನಾನೂ ಎರಡು ಸಲ ಹೇಳಿ ಸುಮ್ಮನಾಗಿದ್ದೆ.

ಫೋಟೋಗ್ರಾಫರ್ ಹುಡುಗನಿಗೆ ಇದೆಲ್ಲ ಏನು ಗೊತ್ತು? ಕ್ಲಿಕ್ಕಿಸಿಬಿಟ್ಟ.

ಅವ್ವ ಥಟ್ಟನೆ ಕೈ ಇಳಿಸಿದಳು. “ಅದನ್ನ ಅಳಿಸು ಅಂತ ಹೇಳವಾ ಅವಗ. ಮಂದಿ ಏನಂದಾರು?”

“ಅಜ್ಜಿ, ಎಲ್ಲಾದಕ್ಕಿಂತ ಇದಽ ಚಂದ ಬಂದೈತಿ” ಎಂದಳು ಮಗಳು. ಅವ್ವ ಕೇಳಿಸದವಳಂತೆ ಉಪ್ಪಿಟ್ಟು ಬಡಿಸತೊಡಗಿದಳು.

ಮಾರಾಟಕ್ಕೆ ಹಾಕಿದ್ದು ಮಗಳ ಫೋಟೋಗಳನ್ನೇ. ಅವ್ವನದನ್ನು ಯಾರಿಗೂ ಕಳಿಸಲಿಲ್ಲ. ಅಳಿಸಲು ಮನಸ್ಸೂ ಬರಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಮಣಿ ಪೋಣಿಸುತ್ತಿದ್ದವಳು ತಲೆಯೆತ್ತದೆ ಕೇಳಿದಳು: “ಆ ಫೋಟೋ ಅಳಿಸಿದೇನು?”

“ಇಲ್ಲವ್ವಾ.”

ಇನ್ನೆರಡು ಮಣಿ ದಾರಕ್ಕೇರಿದವು.

“ಇರಲಿ ಬಿಡು. ಒಮ್ಮೆ ತೋರಸು, ನೋಡೂಣು.”