ಬಂಡೆಯ ಮೇಲಿನ ಬಿಳಿ

2010ರ ಸುಮಾರಿನ ಮಾತು. ಭಾನುವಾರ ನಸುಕಿನಲ್ಲೇ ವಿಜಯನಗರದ ಮಾರೇನಹಳ್ಳಿಯಿಂದ ಬೈಕಿನಲ್ಲಿ ಹೊರಟರೆ, ಕೆಂಗೇರಿ, ಬಿಡದಿ ದಾಟಿ, ಬಿಸಿಲೇರುವ ಮುಂಚೆ ರಾಮನಗರದ ಬಂಡೆಗಳ ಬುಡದಲ್ಲಿರುತ್ತಿದ್ದೆವು. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಅದು. ಊರಿನ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ನಮಗೆ ಮಾತ್ರ ಅದು 'ಶೋಲೆ' ಬೆಟ್ಟ.

ಒಂದು ಡಿಸೆಂಬರ್ ಬೆಳಿಗ್ಗೆ ಅರ್ಧ ಏರಿದ್ದೆ. ಮೇಲಿನ ಚಾಚುಗಲ್ಲಿನಿಂದ ಬಿಳಿ ಗೆರೆಗಳು ಇಳಿದಿದ್ದವು. "ಯಾರೋ ಚೀಲಗಟ್ಟಲೆ ಚಾಕ್ ಪುಡಿ ಸುರಿದಿದ್ದಾರೆ ಕಣೋ!" ಎಂದು ಕೂಗಿದೆ. ಕೆಳಗಿದ್ದವರು ನಕ್ಕರು. ಆಗಲೇ ಆ ಚಾಚಿನಿಂದ ದೊಡ್ಡದೊಂದು ಹಕ್ಕಿ ಜಾರಿ ಗಾಳಿಗೆ ಬಿತ್ತು. ಸುತ್ತಿತು, ಮತ್ತೆ ಸುತ್ತಿತು, ಕೂರಲಿಲ್ಲ. ಕೆಳಗೆ ಮೇಕೆ ಕಾಯುತ್ತಿದ್ದ ಅಜ್ಜ ಹೇಳಿದರು: "ಅದ್ರ ಮನೆ ಕಣಪ್ಪ ಅದು. ನೀವು ಇಳಿಯೋಗಂಟ ಬರಾಕಿಲ್ಲ."

ನಾನು ಇಳಿಯಲಿಲ್ಲ. ತುದಿ ಮುಟ್ಟಿಯೇ ಇಳಿದೆ.

ಆಮೇಲೆ ಓದಿ ತಿಳಿದೆ. ಅದು ಉದ್ದ ಕೊಕ್ಕಿನ ರಣಹದ್ದು. ಚಳಿಗಾಲದಲ್ಲಿ ಕಡಿದಾದ ಬಂಡೆಯ ಚಾಚಿನಲ್ಲಿ ಗೂಡು ಮಾಡಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಅದು ತಣ್ಣಗಾದರೆ ಆ ವರ್ಷವೇ ಹೋಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದಾದ್ಯಂತ ಅವುಗಳನ್ನು ಕೊಂದಿತ್ತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. ಉಳಿದ ಕೆಲವಕ್ಕೆ ಆಸರೆಯಾಗಿದ್ದ ಗೋಡೆಗೆ ನಾನು ಹಗ್ಗ ಕಟ್ಟಿದ್ದೆ.

2012ರಲ್ಲಿ ರಾಮದೇವರ ಬೆಟ್ಟ ರಣಹದ್ದು ವನ್ಯಧಾಮವಾಯಿತು; ಅಲ್ಲಿ ಬಂಡೆ ಹತ್ತುವುದು ನಿಂತಿತು. ಗೆಳೆಯರು ಬೈದುಕೊಂಡರು. ನನಗೂ ಹೊಟ್ಟೆ ಉರಿಯಿತು, ಸುಳ್ಳೇಕೆ? ಈಗಲೂ ಬೇರೆ ಕಡೆ ಹತ್ತುತ್ತೇನೆ. ಮೊದಲು ಊರವರನ್ನು ಕೇಳುತ್ತೇನೆ. ಗುಡಿಯಿರುವ ಕಲ್ಲಿಗೆ ಮೊಳೆ ಹೊಡೆಯುವುದಿಲ್ಲ. ನನ್ನ ಚಾಕಿನ ಗುರುತನ್ನು ಬ್ರಷ್‌ನಿಂದ ಉಜ್ಜಿ ಬರುತ್ತೇನೆ. ಬಂಡೆಯ ಮೇಲೆ ಹಿಕ್ಕೆಯ ಬಿಳಿ ಕಂಡರೆ ಹಿಂತಿರುಗುತ್ತೇನೆ.

ಕಳೆದ ಶ್ರಾವಣದಲ್ಲಿ ಅಮ್ಮನ ಜೊತೆ ಮೆಟ್ಟಿಲು ಹತ್ತಿ ರಾಮನ ಗುಡಿಗೆ ಹೋಗಿದ್ದೆ. "ಜಟಾಯು ಇನ್ನೂ ಇದೆಯೇನೋ ಇಲ್ಲಿ?" ಎಂದು ಅಮ್ಮ ಕೇಳಿದಳು. ಎದುರಿನ ಬಂಡೆಯತ್ತ ಬಹಳ ಹೊತ್ತು ನೋಡಿದೆ. ಚಾಚುಗಲ್ಲಿನ ಕೆಳಗೆ ಬಿಳಿ ಗೆರೆ ಇತ್ತು. ಹಳೆಯದೋ ಹೊಸದೋ, ಅಷ್ಟು ದೂರದಿಂದ ಗೊತ್ತಾಗಲಿಲ್ಲ. ಹತ್ತಿರ ಹೋಗಿ ನೋಡುವಂತಿರಲಿಲ್ಲ.