ಮೆಟ್ಟಿಲ ಮೇಲಿನ ಸದ್ದು

ನಮ್ಮವರು ಸಂಜೆ ಮನೆಗೆ ಬಂದರೆ ಚಪ್ಪಲಿಯನ್ನು ಮೆಟ್ಟಿಲಿಗೆ ಮೂರು ಸಲ ಬಡಿದು, ಮಣ್ಣು ಕೊಡವಿಯೇ ಒಳಗೆ ಬರುತ್ತಿದ್ದುದು. ಆ ಸದ್ದು ಕೇಳಿದೊಡನೆ ನಾನು ಕಾಫಿಗೆ ಹಾಲಿಡುತ್ತಿದ್ದೆ. ಅವರು ತೀರಿಕೊಂಡು ವರ್ಷವಾದ ಮೇಲೂ ಒಂದೊಂದು ದಿನ ಆ ಸದ್ದು ಕೇಳಿಸುತ್ತಿತ್ತು. ಎದ್ದು ಹೋಗಿ ನೋಡಿದರೆ ಅಂಗಳದಲ್ಲಿ ಯಾರೂ ಇಲ್ಲ. ಹೇಳಿದರೆ ನಕ್ಕಾರು ಎಂದು ಯಾರಿಗೂ ಹೇಳಲಿಲ್ಲ.

ಹೋದ ಚಳಿಗಾಲದಲ್ಲಿ ಮಗಳು ನನ್ನನ್ನು ನಾರ್ವೆಯ ಓಸ್ಲೋಗೆ ಕರೆಸಿಕೊಂಡಳು. ಮಧ್ಯಾಹ್ನ ಮೂರೂವರೆಗೆಲ್ಲ ದೀಪ ಹಾಕಬೇಕಾದ ಊರು. ಒಂದು ಭಾನುವಾರ ಪಕ್ಕದ ಮನೆಯ ಅಜ್ಜಿ ಕಾಫಿಗೆ ಕರೆದರು. ಮಾತಿನ ನಡುವೆ ತಟ್ಟನೆ ಎದ್ದು ಇನ್ನೊಂದು ಬಟ್ಟಲು ತಂದಿಟ್ಟರು. "ಮಗ ಬರುತ್ತಾನೆ, ಬಾಗಿಲ ಸದ್ದಾಯಿತು" ಎಂದರು. ನನಗೇನೂ ಕೇಳಿಸಿರಲಿಲ್ಲ. ಹತ್ತು ನಿಮಿಷದಲ್ಲಿ ಮಗ ಬಂದೇಬಿಟ್ಟ! "ಅವನು ಪ್ರತಿ ಭಾನುವಾರ ಬರುತ್ತಾನಮ್ಮ" ಎಂದು ಮಗಳು ಪಿಸುಗುಟ್ಟಿದಳು.

ಆ ಸದ್ದಿಗೆ ಅವರಲ್ಲಿ ವಾರ್ಡೋಗರ್ ಎಂದು ಹೆಸರು. ಮನುಷ್ಯ ಬರುವ ಮೊದಲೇ ಅವನ ಹೆಜ್ಜೆ ಸಪ್ಪಳ, ಬೀಗದ ಕೈ ತಿರುಗಿಸಿದ ಶಬ್ದ ಮನೆಯವರ ಕಿವಿಗೆ ಬೀಳುವುದಂತೆ. ದೆವ್ವ ಪಿಶಾಚಿಯ ಭಯವಿಲ್ಲ. ಕೇಳಿದವರು ಕಾಫಿ ಕಾಯಿಸಲು ಏಳುತ್ತಾರೆ, ಅಷ್ಟೇ.

ಐಸ್‌ಲ್ಯಾಂಡಿನ ಹಳೆಯ ಸಾಗಾ ಕಥೆಗಳಲ್ಲಿ ಫಿಲ್ಗ್ಯಾ ಎಂಬ ಸಂಗಾತಿ ಇದೆ ಎಂದು ಮಗಳು ಹೇಳಿದಳು. ಹಾಗೆಂದರೆ ಜೊತೆಗೆ ಬರುವವಳು ಎಂದರ್ಥ. ಹೆರಿಗೆಯ ಮಾಸಿಗೂ ಅವರ ಭಾಷೆಯಲ್ಲಿ ಅದೇ ಹೆಸರು. ಹೆತ್ತವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕೇ? ಒಂದು ಕಥೆಯಲ್ಲಿ ಓಡಿಬಂದ ಹುಡುಗನೊಬ್ಬ ಮುಗ್ಗರಿಸಿ ಬೀಳುತ್ತಾನೆ. ಮುದುಕನೊಬ್ಬ ನಗುತ್ತಾನೆ. ಹುಡುಗನ ಮುಂದೆ ಓಡುತ್ತಿದ್ದ ಬಿಳಿ ಕರಡಿಮರಿ ಅವನ ಕಣ್ಣಿಗೆ ಮಾತ್ರ ಕಂಡಿರುತ್ತದೆ. ಹುಡುಗ ಎಡವಿದ್ದು ತನ್ನದೇ ಫಿಲ್ಗ್ಯಾಳನ್ನು! ಹಾಮಿಂಗ್ಯಾ ಎಂಬುದು ಇನ್ನೊಂದು, ಮನೆತನದ ಅದೃಷ್ಟ ಕಾಯುವ ಶಕ್ತಿ. ಒಬ್ಬರು ಹೋದರೆ ಅದು ಅದೇ ವಂಶದ ಇನ್ನೊಬ್ಬರನ್ನು ಸೇರುತ್ತದೆಂದು ನಂಬುತ್ತಿದ್ದರು. ಇಂದು ಐಸ್‌ಲ್ಯಾಂಡಿನಲ್ಲಿ ಆ ಮಾತಿಗೆ ಸಂತೋಷ ಎಂದೇ ಅರ್ಥ.

ಮರುವಾರ ಧೈರ್ಯ ಮಾಡಿ ಅಜ್ಜಿಯನ್ನು ಕೇಳಿಸಿದೆ: "ಹೋದವರ ವಾರ್ಡೋಗರ್ ಬರುತ್ತದೆಯೇ?" ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ಲ. ಅದು ಬದುಕಿರುವವರದ್ದು, ಬರುವವರದ್ದು. ನಮ್ಮವರು ಹೋದಮೇಲೆ ನಾನೂ ಬಹಳ ದಿನ ಎರಡು ಬಟ್ಟಲು ಇಡುತ್ತಿದ್ದೆ" ಎಂದರು. ನನ್ನ ಕೈ ಹಿಡಿದುಕೊಂಡರು. ಮಗಳು ಈ ಮಾತನ್ನು ಕನ್ನಡದಲ್ಲಿ ಹೇಳುವಾಗ ಅವಳ ದನಿ ನಡುಗಿತು. ಸದ್ದಿನ ವಿಷಯ ಅವಳಿಗೆ ತಿಳಿದದ್ದು ಆಗಲೇ. "ನನಗೆ ಯಾಕೆ ಹೇಳಲಿಲ್ಲ ಅಮ್ಮ?" ಎಂದಳು.

ಮಾರನೆಯ ಸಂಜೆ ಅಡುಗೆಮನೆಯಲ್ಲಿದ್ದೆ. ಹೊರಗಿನ ಮೆಟ್ಟಿಲ ಮೇಲೆ ಟಕ್, ಟಕ್, ಟಕ್. ಎದೆ ಧಸಕ್ಕೆಂದಿತು. ಓಡಿಹೋಗಿ ಬಾಗಿಲು ತೆರೆದರೆ ಮಗಳು! ಬೂಟಿನ ಹಿಮ ಕೊಡವುತ್ತಿದ್ದಾಳೆ, ಥೇಟ್ ಅವರಪ್ಪನಂತೆಯೇ. ಇಷ್ಟು ದಿನ ಜೊತೆಗಿದ್ದೂ ನಾನು ಗಮನಿಸಿರಲಿಲ್ಲ.

"ಏನಮ್ಮ ಹಾಗೆ ನೋಡ್ತೀಯ?" ಎಂದಳು.

"ಏನಿಲ್ಲ, ಒಳಗೆ ಬಾ" ಎಂದು ಹಾಲಿಡಲು ಹೋದೆ.